ಬಾಣಂತನ ಮುಗಿದ ಮೇಲೆ ಮಣ್ಣಿನ ದಾರಿಯ ಟ್ರಯಥ್ಲಾನ್

(ಚಿಕ್ಕಮಗಳೂರಿನಲ್ಲಿ ಹೆಂಗಸರೇ ಸೇರಿ ನಡೆಸಿದ ಒಂದು ಸಭೆಯಲ್ಲಿ ಆಡಿದ ಮಾತುಗಳಿವು. ಅವತ್ತು ಬರಲು ಆಗದವರು ಬರೆದು ಕೊಡಿ ಅಂದರು. ಆಡಿದ ಹಾಗೇ ಬರೆದಿದ್ದೇನೆ, ಕೊನೆಗೆ ಕೇಳಿದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮಗು ಎತ್ತಿಕೊಂಡು ಬಂದವರು ದಯವಿಟ್ಟು ಹಿಂದಿನ ಸಾಲಿಗೆ ಹೋಗಬೇಡಿ, ಮುಂದೆ ಬಂದು ಕೂತುಕೊಳ್ಳಿ. ಮಗು ಅತ್ತರೆ ಅಳಲಿ, ನಾನು ಸ್ವಲ್ಪ ಜೋರಾಗಿ ಮಾತಾಡುತ್ತೇನೆ.

ಮೊದಲು ಈ ಆಟ ಯಾವುದು ಅಂತ ಹೇಳಿಬಿಡುತ್ತೇನೆ. ಟ್ರಯಥ್ಲಾನ್ ಅಂದರೆ ಈಜು, ಸೈಕಲ್, ಓಟ. ಮೂರನ್ನೂ ಒಂದರ ಬೆನ್ನಿಗೆ ಒಂದು ಮಾಡಬೇಕು. ನಡುವೆ ಹೆಲ್ಮೆಟ್ ಹಾಕಿಕೊಳ್ಳುವ, ಶೂ ಬದಲಿಸುವ ಸಮಯವೂ ಲೆಕ್ಕಕ್ಕೆ ಸೇರುತ್ತದೆ. ಗೋವಾದಲ್ಲಿ 2019ರಲ್ಲಿ ಶುರುವಾದ ಐರನ್‌ಮ್ಯಾನ್ 70.3 ಅನ್ನುವ ಟ್ರಯಥ್ಲಾನ್ ಬಗ್ಗೆ ಕೆಲವರು ಕೇಳಿರುತ್ತೀರಿ, ಅದು ಟಾರು ರಸ್ತೆಯದ್ದು. ನಾನು ಆಡುವುದು ಆಫ್‌ರೋಡ್. ಕೆರೆಯಲ್ಲೋ ಸಮುದ್ರದಲ್ಲೋ ಈಜು, ಆಮೇಲೆ ಮಣ್ಣು ಕಲ್ಲಿನ ದಾರಿಯಲ್ಲಿ ಮೌಂಟನ್ ಬೈಕ್, ಆಮೇಲೆ ಗುಡ್ಡದ ಕಾಲುದಾರಿಯಲ್ಲಿ ಓಟ. ಇದರಲ್ಲಿ ದೊಡ್ಡ ಹೆಸರು ಎಕ್ಸ್‌ಟೆರಾ. 1996ರಲ್ಲಿ ಹವಾಯಿಯ ಮಾವಿ ದ್ವೀಪದಲ್ಲಿ ಶುರುವಾಯಿತು. ಅದರ ವಿಶ್ವ ಚಾಂಪಿಯನ್‌ಶಿಪ್ ಬಹಳ ವರ್ಷ ಅಲ್ಲೇ ನಡೆದು 2022ರಲ್ಲಿ ಇಟಲಿಯ ಮೊಲ್ವೆನೋಗೆ ಹೋಯಿತು. ಸಾಮಾನ್ಯವಾಗಿ ಒಂದೂವರೆ ಕಿಲೋಮೀಟರ್ ಈಜು, 30ರ ಆಸುಪಾಸು ಸೈಕಲ್, 10 ಕಿಲೋಮೀಟರ್ ಓಟ. ಲೆಕ್ಕ ಕೇಳಿದರೆ ದೊಡ್ಡದಲ್ಲ ಅನಿಸಬಹುದು. ಬಾಬಾಬುಡನ್‌ಗಿರಿ ದಾರಿಯ ಕೈಮರದಿಂದ ಮೇಲಕ್ಕೆ ಸೈಕಲ್ ತುಳಿದು ನೋಡಿದವರಿಗೆ ಗೊತ್ತು, ಏರಿನಲ್ಲಿ ಒಂದು ಕಿಲೋಮೀಟರ್ ಅಂದರೆ ಎಷ್ಟು ಅಂತ.

ಮಗು ಆಗುವ ಮೊದಲೂ ನಾನು ಇದನ್ನು ಆಡುತ್ತಿದ್ದೆ. ಮಗು ಆದ ಮೇಲೂ ಆಡುತ್ತಿದ್ದೇನೆ. ಈ ಎರಡರ ನಡುವೆ ಏನೇನು ಆಗುತ್ತದೆ ಅನ್ನುವುದನ್ನು ನಮ್ಮ ಕಡೆ ಯಾರೂ ಬಾಯಿಬಿಟ್ಟು ಮಾತಾಡುವುದಿಲ್ಲ. "ಛಲ ಬೇಕು, ಮನಸ್ಸಿದ್ದರೆ ಮಾರ್ಗ" ಅಂತ ಹೇಳಿ ಹಾರ ಹಾಕಿ ಕಳಿಸುತ್ತಾರೆ. ನನಗೆ ಆ ಮಾತು ಇಷ್ಟವಿಲ್ಲ. ಛಲ ನನ್ನ ಹತ್ತಿರ ಮೊದಲೂ ಇತ್ತು. ಬೇಕಾಗಿದ್ದು ಬೇರೆಯೇ. ಮೈ ಮಾಯುವ ತನಕ ಕಾಯುವುದು, ಹೊಟ್ಟೆ ತುಂಬ ಊಟ, ಮತ್ತೆ ಮಗುವನ್ನು ನೆಮ್ಮದಿಯಿಂದ ಬಿಟ್ಟು ಹೋಗಲು ಎರಡು ಗಂಟೆ. ಈ ಮೂರರಲ್ಲಿ ಒಂದೂ ಒಬ್ಬಳ ಕೈಯಲ್ಲಿ ಇರುವುದಿಲ್ಲ.

ಮೈಯಿಂದಲೇ ಶುರು ಮಾಡೋಣ.

ನಮ್ಮ ಬಾಣಂತನದ ಪದ್ಧತಿಯ ಬಗ್ಗೆ ನನಗೆ ಗೌರವ ಇದೆ. ಅಮ್ಮನ ಮನೆಯ ಎಣ್ಣೆ ನೀರು, ಮೆಣಸಿನ ಸಾರು, ಬೆಳ್ಳುಳ್ಳಿ, ಸಬ್ಬಸಿಗೆ ಸೊಪ್ಪು, ಅಂಟಿನುಂಡೆ, ಮಲಗು ಅಂದರೆ ಮಲಗಬೇಕು. ಹೆತ್ತವಳಿಗೆ ವಿಶ್ರಾಂತಿ ಕೊಡಬೇಕು ಅನ್ನುವುದನ್ನು ನಮ್ಮ ಹಿರಿಯರು ಚೆನ್ನಾಗಿ ಕಂಡುಕೊಂಡಿದ್ದರು. ತೊಂದರೆ ಇರುವುದು ಅದು ಮುಗಿದ ಮೇಲೆ. ಬಾಣಂತನ ಮುಗಿಸಿ ಗಂಡನ ಮನೆಗೆ ಬಂದ ದಿನದಿಂದ ಏಕ್‌ದಂ ಎಲ್ಲ ಕೆಲಸಕ್ಕೂ ನೀನು ರೆಡಿ ಅನ್ನುವ ಲೆಕ್ಕ. ನೀರಿನ ಕೊಡ, ಗ್ಯಾಸ್ ಸಿಲಿಂಡರ್, ಮಗು, ಎಲ್ಲ ಎತ್ತಬೇಕು. ಓಡುತ್ತೇನೆ ಅಂದರೆ ಮಾತ್ರ "ಇಷ್ಟು ಬೇಗನಾ?" ಅಂತಾರೆ. ವಿಶ್ರಾಂತಿಗೂ ಪೂರ್ತಿ ದುಡಿಮೆಗೂ ನಡುವೆ ಒಂದು ಮೆಟ್ಟಿಲು ಇರಬೇಕು ಅಲ್ವಾ? ಆ ಮೆಟ್ಟಿಲನ್ನು ನಾವು ಕಟ್ಟಿಕೊಂಡಿಲ್ಲ.

ಬ್ರಿಟನ್ನಿನ ಫಿಸಿಯೋಥೆರಪಿಸ್ಟ್‌ಗಳು 2019ರಲ್ಲಿ ಹೆರಿಗೆಯ ನಂತರ ಓಟಕ್ಕೆ ಮರಳುವವರಿಗೆ ಒಂದು ಮಾರ್ಗಸೂಚಿ ತಂದರು. ಅದರ ಪ್ರಕಾರ ಕಡಿಮೆ ಅಂದರೂ 12 ವಾರ ಓಟ ಬೇಡ. 12 ವಾರ ಆಯಿತು ಅಂತ ಸುಮ್ನೆ ಎದ್ದು ಓಡುವುದೂ ಅಲ್ಲ. ಅರ್ಧ ಗಂಟೆ ಬಿರುಸಾಗಿ ನಡೆಯಬೇಕು. ಒಂಟಿ ಕಾಲಲ್ಲಿ 10 ಸೆಕೆಂಡ್ ನಿಲ್ಲಬೇಕು. ನಿಂತಲ್ಲೇ ಒಂದು ನಿಮಿಷ ಜಾಗ್ ಮಾಡಬೇಕು. ಒಂದೊಂದು ಕಾಲಲ್ಲೂ 10 ಸಲ ಕುಪ್ಪಳಿಸಬೇಕು. ಇಷ್ಟನ್ನೂ ಮಾಡುವಾಗ ನೋವು ಬರಬಾರದು, ಮೂತ್ರ ಸೋರಬಾರದು, ಕೆಳಗೆ ಏನೋ ಜಾರಿದ ಹಾಗೆ ಭಾರ ಅನಿಸಬಾರದು. ಅನಿಸಿದರೆ ಇನ್ನೂ ಟೈಮ್ ಆಗಿಲ್ಲ ಅಂತ. ಇದಕ್ಕೆ ಜಿಮ್ ಬೇಡ, ದುಡ್ಡು ಬೇಡ, ನಮ್ಮ ಮನೆ ಜಗಲಿ ಸಾಕು.

ಮೂತ್ರ ಸೋರುವುದು ಅಂದೆ. ಎಲ್ಲರೂ ಒಮ್ಮೆ ಕೆಳಗೆ ನೋಡಿದಿರಿ. ನೋಡಬೇಡಿ, ಇದನ್ನು ಜೋರಾಗಿಯೇ ಮಾತಾಡೋಣ. ಕೆಮ್ಮಿದರೆ, ಸೀನಿದರೆ, ಇಳಿಜಾರಿನಲ್ಲಿ ಓಡಿದರೆ ಸ್ವಲ್ಪ ಸೋರುತ್ತದೆ. ನಾನು ಕೇಳಿದಾಗ ನನಗೆ ಸಿಕ್ಕ ಉತ್ತರ, "ಹೆತ್ತ ಮೇಲೆ ಇದೆಲ್ಲ ಇರೋದೇ ಅಮ್ಮ, ಪ್ಯಾಡ್ ಇಟ್ಕೋ". ಆ ಉತ್ತರ ಕೊಟ್ಟವರು ಓದಿದವರೇ. ಬಹಳ ಜನರಿಗೆ ಇದು ಬರುತ್ತದೆ, ಅದು ನಿಜ. ಆದರೆ ಬಹಳ ಜನರಿಗೆ ಬರುತ್ತದೆ ಅನ್ನುವುದು ಸಹಿಸಿಕೊಂಡಿರಲು ಕಾರಣವಲ್ಲ. ಮೂತ್ರ ತಡೆದುಕೊಳ್ಳುವಾಗ ಬಿಗಿಯಾಗುತ್ತವಲ್ಲ, ಆ ತಳದ ಸ್ನಾಯುಗಳಿಗೆ ಪೆಲ್ವಿಕ್ ಫ್ಲೋರ್ ಅನ್ನುತ್ತಾರೆ. ಒಂಬತ್ತು ತಿಂಗಳು ಮಗುವಿನ ಭಾರ ಹೊತ್ತಿದ್ದು ಅವು. ಅವುಗಳಿಗೂ ವ್ಯಾಯಾಮ ಇದೆ. ಒಂದು ಸಲಕ್ಕೆ 8 ಬಾರಿಯಾದರೂ ಬಿಗಿ ಹಿಡಿದು ಬಿಡುವುದು, ದಿನಕ್ಕೆ 3 ಹೊತ್ತು, ಕನಿಷ್ಠ 3 ತಿಂಗಳು. ಸರಿಯಾಗಿ ಮಾಡುತ್ತಿದ್ದೀರಾ ಅಂತ ಇದು ಗೊತ್ತಿರುವ ಫಿಸಿಯೋ ಒಮ್ಮೆ ನೋಡಿ ಹೇಳಿದರೆ ಒಳ್ಳೆಯದು, ಯಾಕೆಂದರೆ ಎಷ್ಟೋ ಜನ ಆ ಸ್ನಾಯು ಬಿಟ್ಟು ಹೊಟ್ಟೆಯನ್ನೂ ತೊಡೆಯನ್ನೂ ಬಿಗಿ ಹಿಡಿಯುತ್ತಾರೆ. ನಾನು ಸೈಕಲ್ ಹತ್ತುವ ಎಷ್ಟೋ ಮುಂಚೆಯೇ ಈ ಕೆಲಸ ಶುರು ಮಾಡಿದ್ದು. ಮಗುವಿಗೆ ಹಾಲು ಕುಡಿಸುತ್ತಾ ಕೂತಾಗ ಮಾಡುತ್ತಿದ್ದೆ. ಹೊರಗಿನವರ ಕಣ್ಣಿಗೆ ಬಾಣಂತಿ ಸುಮ್ನೆ ಕೂತಿದ್ದಾಳೆ, ಒಳಗೆ ನನ್ನ ಟ್ರೈನಿಂಗ್ ನಡೆಯುತ್ತಿತ್ತು.

ಸಿಸೇರಿಯನ್ ಆದವರಿಗೆ ಇನ್ನೊಂದು ಮಾತು. ಹೊರಗಿನ ಹೊಲಿಗೆ ಬೇಗ ಮಾಯುತ್ತದೆ, ಅದನ್ನು ನೋಡಿ ಎಲ್ಲ ಸರಿಹೋಯಿತು ಅಂದುಕೊಳ್ಳುತ್ತೇವೆ. ಒಳಗೆ ಹೊಟ್ಟೆಯ ಗೋಡೆಯ ಗಟ್ಟಿ ಪದರ ಆರು ವಾರಕ್ಕೆ ತನ್ನ ಹಳೇ ಬಲದ ಅರ್ಧಕ್ಕಿಂತ ಸ್ವಲ್ಪ ಜಾಸ್ತಿಗೆ ಬಂದಿರುತ್ತದೆ, ಅಷ್ಟೇ. ಆರೇಳು ತಿಂಗಳಾದರೂ ಪೂರ್ತಿ ವಾಪಸ್ ಬಂದಿರುವುದಿಲ್ಲ. ಮೌಂಟನ್ ಬೈಕಿನಲ್ಲಿ ಕಲ್ಲು ಹಾರಿಸುವಾಗ ಹ್ಯಾಂಡಲ್ ಎಳೆಯುವುದು ಹೊಟ್ಟೆಯ ಬಲದಿಂದಲೇ. ಅದಕ್ಕೇ ನಾನು ಹೇಳುವುದು, ಕಾಲೆಂಡರ್ ನೋಡಬೇಡಿ, ಹೊಟ್ಟೆ ನೋಡಿ. ಅಂಗಾತ ಮಲಗಿ ತಲೆ ಎತ್ತಿದಾಗ ಹೊಟ್ಟೆಯ ನಡುಗೆರೆಯಲ್ಲಿ ಎರಡು ಬೆರಳಿಗಿಂತ ಜಾಸ್ತಿ ಸಂದು ಇದ್ದರೆ ತೋರಿಸಿಕೊಂಡು ಮುಂದುವರಿಯಿರಿ.

ಈಗ ಊಟ. ಹಾಲುಣಿಸುವ ತಾಯಿಗೆ ಮೊದಲ ಆರು ತಿಂಗಳು ದಿನಕ್ಕೆ ಸುಮಾರು 600 ಕ್ಯಾಲೊರಿ ಹೆಚ್ಚಿಗೆ ಬೇಕು ಅಂತ ನಮ್ಮ ಐಸಿಎಂಆರ್, ಅಂದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಹೇಳುತ್ತದೆ, ಮುಂದಿನ ಆರು ತಿಂಗಳು 520. ಇದು ಬರೀ ಹಾಲಿನ ಲೆಕ್ಕ. ಅದರ ಮೇಲೆ ಟ್ರೈನಿಂಗ್. ಆದರೆ ನಮ್ಮ ಸುತ್ತ ಏನು ಹೇಳುತ್ತಾರೆ? "ಹೊಟ್ಟೆ ಇಳಿದಿಲ್ಲವಲ್ಲೇ, ಅನ್ನ ಕಮ್ಮಿ ಮಾಡು." ಸಿಟ್ಟು ಬರುತ್ತದೆ ನನಗೆ. ಹಾಲುಣಿಸುವಾಗ ತಾಯಿಯ ಮೂಳೆಯ ಸಾಂದ್ರತೆಯೇ ಶೇಕಡ 3ರಿಂದ 5ರಷ್ಟು ತಾತ್ಕಾಲಿಕವಾಗಿ ಇಳಿಯುತ್ತದೆ, ಹಾಲು ಬಿಡಿಸಿದ ಮೇಲೆ ತುಂಬಿಕೊಳ್ಳುತ್ತದೆ. ಆ ಹೊತ್ತಿನಲ್ಲಿ ಅರೆಹೊಟ್ಟೆ ಇದ್ದುಕೊಂಡು ಗುಡ್ಡ ಓಡಿದರೆ ಮೂಳೆ ಬಿರುಕು ಬಿಡಬಹುದು. ಇನ್ನು ರಕ್ತಹೀನತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇಕಡ 57 ಮಂದಿಗೆ ರಕ್ತ ಕಮ್ಮಿ. ಮೊದಲು ಹಿಮೋಗ್ಲೋಬಿನ್ ನೋಡಿಸಿ, ಆಮೇಲೆ ಶೂ ಕೊಳ್ಳಿ. ನಾನು ತಿಂದಿದ್ದು ವಿಶೇಷದ್ದೇನಲ್ಲ. ರಾಗಿ, ಮೊಟ್ಟೆ, ಕಡುಬು, ತುಪ್ಪ, ಹೆಸರುಕಾಳು, ಜೇಬಿನಲ್ಲಿ ಅಂಟಿನುಂಡೆ. ರೇಸಿಗೆ ಮಾರುವ ಜೆಲ್‌ಗಿಂತ ಅಂಟಿನುಂಡೆ ನನ್ನ ಹೊಟ್ಟೆಗೆ ಒಗ್ಗುತ್ತದೆ, ಆದರೆ ಏರಿನಲ್ಲಿ ಅಗಿಯಲು ಉಸಿರು ಸಾಲದು, ಸಮತಟ್ಟು ಬಂದಾಗ ತಿನ್ನಬೇಕು.

ಹಾಲಿನ ಬಗ್ಗೆ ನಮ್ಮ ಅತ್ತೆಗೆ ದೊಡ್ಡ ಭಯ ಇತ್ತು. ಬೆವರಿದ ಮೈಯಲ್ಲಿ ಹಾಲು ಕೊಟ್ಟರೆ ಮಗುವಿಗೆ ಆಗುವುದಿಲ್ಲ, ಹಾಲು ಹುಳಿಯಾಗುತ್ತದೆ, ಬತ್ತಿ ಹೋಗುತ್ತದೆ ಅಂತ. ಅವರ ಭಯಕ್ಕೆ ನಾನು ವಾದ ಮಾಡಲಿಲ್ಲ. ಮಗುವಿನ ತೂಕದ ಚೀಟಿ ಗೋಡೆಗೆ ಅಂಟಿಸಿದೆ. ಹದವಾದ ವ್ಯಾಯಾಮದಿಂದ ಹಾಲು ಕಮ್ಮಿಯಾಗುವುದೂ ಇಲ್ಲ, ಮಗುವಿನ ಬೆಳವಣಿಗೆಗೆ ತೊಂದರೆಯೂ ಇಲ್ಲ, ತಾಯಿ ಸಾಕಷ್ಟು ತಿಂದು ಕುಡಿಯುತ್ತಿದ್ದರೆ ಸಾಕು. ಬೆವರು ಒರೆಸಿಕೊಂಡು ಕುಡಿಸಿದರಾಯಿತು. ತೂಕ ಏರುವುದನ್ನು ಅತ್ತೆ ತಾವೇ ನೋಡಿದರು. ಆಮೇಲೆ ನಾನು ಬೆಳಗ್ಗೆ ಹೊರಟರೆ "ನೀರು ತಗೊಂಡ್ಯಾ?" ಅಂತ ಮಾತ್ರ ಕೇಳುತ್ತಿದ್ದರು.

ನಿಜವಾದ ಕಷ್ಟ ರೇಸಿನ ದಿನದ್ದು. ಯಾರೂ ಹೇಳದ ವಿಷಯ, ಅದಕ್ಕೇ ಬಿಡಿಸಿ ಹೇಳುತ್ತೇನೆ. ಈಜಿನ ಬಟ್ಟೆ ಎದೆಗೆ ಬಿಗಿಯಾಗಿ ಕೂರುತ್ತದೆ. ಎದೆಯಲ್ಲಿ ಹಾಲು ತುಂಬಿರುವಾಗ ಅದನ್ನು ಹಾಕಿಕೊಂಡು ನಾಲ್ಕೈದು ಗಂಟೆ ಇದ್ದರೆ ಹಾಲು ಕಟ್ಟುತ್ತದೆ, ಗಡ್ಡೆಯಾಗುತ್ತದೆ, ಜ್ವರ ಬರುತ್ತದೆ. ಅದಕ್ಕೆ ಸೈಕಲ್ ಸ್ಟ್ಯಾಂಡಿನ ಸಾಲಿನಲ್ಲಿ ನನ್ನ ಸೈಕಲ್ಲಿನ ಪಕ್ಕ ನೆಲಕ್ಕೆ ಟವೆಲ್ ಹಾಸಿ, ಇನ್ನೊಂದು ಟವೆಲ್ ಹೆಗಲ ಮೇಲೆ ಹೊದ್ದು, ಕೈಪಂಪಿನಲ್ಲಿ ಹಾಲು ತೆಗೆದೆ. ಅತ್ತಿತ್ತ ಗಂಡಸರು ಟೈರಿಗೆ ಗಾಳಿ ನೋಡುತ್ತಿದ್ದರು. ಒಬ್ಬಾತ ತನ್ನ ಸೈಕಲ್ಲನ್ನು ಸ್ವಲ್ಪ ಸರಿಸಿ ನನಗೆ ಮರೆ ಮಾಡಿಕೊಟ್ಟ, ಏನೂ ಮಾತಾಡದೆ. ಬಾಟಲಿಯನ್ನು ಐಸ್ ಚೀಲದಲ್ಲಿಟ್ಟು ನನ್ನ ತಂಗಿಯ ಕೈಗೆ ಕೊಟ್ಟೆ. ತೆಗೆದ ಹಾಲು ಹೊರಗಿದ್ದರೆ 4 ಗಂಟೆ, ಫ್ರಿಜ್ಜಿನಲ್ಲಾದರೆ 4 ದಿನ ಇರುತ್ತದೆ. ಓಟ ಮುಗಿಸಿ ಬಂದ ಮೇಲೆ ನಾನು ಮೊದಲು ಹುಡುಕಿದ್ದು ಪದಕ ಕೊಡುವವರನ್ನಲ್ಲ, ಮಗುವನ್ನು. ಅದಕ್ಕೆ ಹಸಿವು, ನನಗೆ ಎದೆ ಕಲ್ಲಾಗಿತ್ತು.

ಇಂಥದ್ದನ್ನು ಇನ್ನೂ ಎಷ್ಟೋ ದೊಡ್ಡ ಮಟ್ಟದಲ್ಲಿ ಮಾಡಿದವರು ಇದ್ದಾರೆ. ಬ್ರಿಟನ್ನಿನ ಜಾಸ್ಮಿನ್ ಪ್ಯಾರಿಸ್ 2019ರ ಜನವರಿಯಲ್ಲಿ ಸ್ಪೈನ್ ರೇಸ್ ಅನ್ನುವ 268 ಮೈಲಿ ಗುಡ್ಡಗಾಡು ಓಟವನ್ನು 83 ಗಂಟೆ 12 ನಿಮಿಷಕ್ಕೆ ಮುಗಿಸಿ, ಗಂಡಸರನ್ನೂ ಸೇರಿಸಿ ಎಲ್ಲರಿಗಿಂತ ಮೊದಲು ಬಂದರು. ದಾರಿಯಲ್ಲಿ ತಂಗುವ ಜಾಗಗಳಲ್ಲಿ ಮಗುವಿಗಾಗಿ ಹಾಲು ತೆಗೆಯುತ್ತಿದ್ದರು. ಅಮೆರಿಕದ ಚೆಲ್ಸಿ ಸೊಡಾರೊ ಮಗು ಆಗಿ ಒಂದೂವರೆ ವರ್ಷಕ್ಕೆ, 2022ರ ಅಕ್ಟೋಬರಿನಲ್ಲಿ, ಐರನ್‌ಮ್ಯಾನ್ ವಿಶ್ವ ಚಾಂಪಿಯನ್ ಆದರು. ನಮ್ಮವರೇ ಮೇರಿ ಕೋಮ್, 2007ರಲ್ಲಿ ಅವಳಿ ಮಕ್ಕಳಾದ ಮೇಲೆ 2008ರಲ್ಲಿ ವಿಶ್ವ ಚಾಂಪಿಯನ್. ಸಾನಿಯಾ ಮಿರ್ಜಾ 2018ರಲ್ಲಿ ತಾಯಿಯಾಗಿ 2020ರ ಜನವರಿಯಲ್ಲಿ ವಾಪಸ್ ಬಂದು ಹೋಬಾರ್ಟ್‌ನಲ್ಲಿ ಡಬಲ್ಸ್ ಗೆದ್ದರು.

ಇವರೆಲ್ಲರ ಜತೆಗೆ ನನಗೆ ಜಾಸ್ತಿ ಕಾಡುವುದು ಬ್ರಿಟನ್ನಿನ ಓಟಗಾರ್ತಿ ಸೋಫಿ ಪವರ್ ಕತೆ. 2018ರಲ್ಲಿ ಮೂರು ತಿಂಗಳ ಹಸುಗೂಸನ್ನು ಇಟ್ಟುಕೊಂಡು ಆಲ್ಪ್ಸ್‌ನ ಮಾಂಟ್ ಬ್ಲಾಂಕ್ ಪರ್ವತ ಸುತ್ತುವ 170 ಕಿಲೋಮೀಟರಿನ ಯುಟಿಎಂಬಿ ಅನ್ನುವ ರೇಸ್ ಓಡಿದರು. ದಾರಿಯಲ್ಲಿ ಕೂತು ಹಾಲು ಕುಡಿಸುತ್ತಿರುವ ಫೋಟೊ ಪ್ರಪಂಚ ಎಲ್ಲ ಓಡಾಡಿತು, ಎಲ್ಲರೂ ಆಹಾ ಅಂದರು. ಆದರೆ ಅವರು ಅಷ್ಟು ಬೇಗ ಯಾಕೆ ಓಡಬೇಕಾಯಿತು? ಗಾಯವಾದವರು ಆ ರೇಸಿನ ಜಾಗವನ್ನು ಮುಂದಿನ ವರ್ಷಕ್ಕೆ ಹಾಕಿಸಿಕೊಳ್ಳಬಹುದಿತ್ತು, ಬಸುರಿಯಾದವರಿಗೆ ಆಗ ಆ ಅವಕಾಶ ಇರಲಿಲ್ಲ. ಆಮೇಲೆ ಆ ನಿಯಮ ಬದಲಾಯಿತು. ನಮ್ಮ ಊರಲ್ಲಿ ರೇಸ್ ನಡೆಸುವವರು ಇಲ್ಲಿ ಯಾರಾದರೂ ಕೂತಿದ್ದರೆ, ಈ ಒಂದು ಸಾಲನ್ನು ನಿಮ್ಮ ಫಾರಂನಲ್ಲಿ ಸೇರಿಸಿ: ಬಸುರಿ, ಬಾಣಂತಿಯರ ಎಂಟ್ರಿ ಮುಂದಿನ ವರ್ಷಕ್ಕೆ ಹೋಗುತ್ತದೆ. ಮತ್ತೆ ಒಂದು ಪರದೆ ಕಟ್ಟಿದ ಮೂಲೆ, ಒಂದು ಕುರ್ಚಿ. ಖರ್ಚು ಏನು ಮಹಾ?

ಸರಿ, ಟಾರು ಬಿಟ್ಟು ಮಣ್ಣಿನ ದಾರಿಯೇ ಯಾಕೆ? ತುಂಬ ಜನ ಕೇಳುತ್ತಾರೆ, ಮಗು ಆದ ಮೇಲೆ ಇನ್ನೂ ಅಪಾಯದ್ದೇ ಯಾಕೆ ಅಂತ. ನನ್ನ ಅನುಭವ ಉಲ್ಟಾ. ಟಾರು ರಸ್ತೆಯಲ್ಲಿ ಹಳೇ ಲೆಕ್ಕ ಬೆನ್ನಿಗೆ ಬಿದ್ದಿರುತ್ತದೆ. ಅದೇ ರಸ್ತೆ, ಅದೇ ದೂರ, ಮೊದಲು ಎಷ್ಟು ನಿಮಿಷ, ಈಗ ಎಷ್ಟು ನಿಮಿಷ. ವಾಚು ಪ್ರತಿ ಕಿಲೋಮೀಟರಿಗೂ ನೀನು ಮೊದಲಿನವಳಲ್ಲ ಅಂತ ಹೇಳುತ್ತಲೇ ಇರುತ್ತದೆ. ಕಾಫಿ ಎಸ್ಟೇಟ್ ದಾರಿಗೆ ಹಳೇ ಲೆಕ್ಕವೇ ಇಲ್ಲ. ಒಂದು ಮಳೆಗಾಲ ಕಳೆದರೆ ಅದು ಬೇರೆ ದಾರಿ. ಹೋದ ವರ್ಷ ಚಕ್ರ ಹೋಗುತ್ತಿದ್ದ ಕಡೆ ಈ ವರ್ಷ ನೀರು ಕೊರೆದಿರುತ್ತದೆ, ಸಿಲ್ವರ್ ಮರದ ಬೇರು ಮೇಲೆದ್ದಿರುತ್ತದೆ, ಜೀಪು ಹೋಗಿ ಕಲ್ಲು ಎದ್ದಿರುತ್ತದೆ. ಅಲ್ಲಿ ನೋಡುವುದು ಮುಂದಿನ ನಾಲ್ಕು ಮಾರು ಮಾತ್ರ. ಜೊತೆಗೆ ಏರು ಕಡಿದಾದರೆ ಇಳಿದು ಸೈಕಲ್ ತಳ್ಳಿಕೊಂಡು ಹೋಗಬಹುದು, ಅದು ಆಟದ ಒಳಗೇ ಇದೆ, ಎಲ್ಲರೂ ತಳ್ಳುತ್ತಾರೆ. ನಡೆಯುವುದನ್ನೂ ರೇಸ್ ಅಂತ ಒಪ್ಪುವ ಆಟ ಹೆತ್ತವಳ ಮೈಗೆ ಹೇಳಿ ಮಾಡಿಸಿದ್ದು.

ಇಳಿಜಾರಿನ ಭಯ ಮಾತ್ರ ನಿಜ. ಮಗು ಆಗುವ ಮೊದಲು ನಾನು ಬ್ರೇಕ್ ಬಿಟ್ಟು ಇಳಿಯುತ್ತಿದ್ದ ಕಡೆ, ಆಮೇಲೆ ಬೆರಳು ತಾನಾಗಿ ಬ್ರೇಕ್ ಹಿಡಿಯುತ್ತಿತ್ತು. ಬಿದ್ದು ಕೈ ಮುರಿದರೆ ಮಗುವನ್ನು ಎತ್ತಿಕೊಳ್ಳುವುದು ಹೇಗೆ ಅನ್ನುವ ಲೆಕ್ಕ ತಲೆಯಲ್ಲಿ ಬಂದು ಕೂರುತ್ತದೆ. ಕೋಚುಗಳು ಇದನ್ನು ಧೈರ್ಯ ಕಮ್ಮಿಯಾಯಿತು ಅನ್ನುತ್ತಾರೆ. ನನಗೆ ಹಾಗನಿಸುವುದಿಲ್ಲ, ಭಯ ಸರಿಯಾದ ಮಾತನ್ನೇ ಹೇಳುತ್ತಿರುತ್ತದೆ. ಅದನ್ನು ಓಡಿಸಲು ಹೋಗದೆ ಒಂದೇ ಇಳಿಜಾರನ್ನು ಹಿಡಿದೆ. ಮೊದಲು ನಡೆದುಕೊಂಡು ಇಳಿದು ಕಲ್ಲು ಬೇರು ಎಲ್ಲ ನೋಡುವುದು, ಸೀಟು ಕೆಳಗೆ ಮಾಡಿ ಮೈಯನ್ನು ಹಿಂದಕ್ಕೆ ತೆಗೆದುಕೊಳ್ಳುವುದು, ಟೈರಿನ ಗಾಳಿ ಸ್ವಲ್ಪ ಇಳಿಸುವುದು, ಹಿಂದಿನ ಬ್ರೇಕು ಮುಂದಿನ ಬ್ರೇಕು ಎರಡನ್ನೂ ಒಂದೊಂದೇ ಬೆರಳಲ್ಲಿ ಮೆತ್ತಗೆ ಒತ್ತುವುದು, ಹೀಗೆ ಮತ್ತೆ ಮತ್ತೆ ಅದೇ ಜಾಗ, ದಾರಿ ಕಾಲಿಗೆ ಪಾಠವಾಗುವ ತನಕ. ವೇಗ ಬಂತು. ಭಯ ಪೂರ್ತಿ ಹೋಗಲಿಲ್ಲ, ಹೋಗುವುದೂ ಬೇಡ.

ಈಜಿಗೆ ನಮ್ಮಲ್ಲಿ ಜಾಗದ ತೊಂದರೆ. ಹಿರೇಕೊಳಲೆ ಕೆರೆ ಊರಿಗೆ ಕುಡಿಯುವ ನೀರು, ಅಲ್ಲಿ ಇಳಿಯುವ ಮಾತೇ ಬೇಡ. ನಾನು ಈಜಿದ್ದು ಪರಿಚಯದವರ ಎಸ್ಟೇಟ್ ಕೆರೆಯಲ್ಲಿ. ದಡದ ಮೇಲೆ ಲಾರಿ ಟ್ಯೂಬು, ಹಗ್ಗ ಹಿಡಿದು ಒಬ್ಬರು ನಿಂತಿರಲೇಬೇಕು, ಎಷ್ಟೇ ಚೆನ್ನಾಗಿ ಈಜು ಬರಲಿ. ಫೆಬ್ರವರಿ ಮಾರ್ಚ್ ಬಂತೆಂದರೆ ಕಾಫಿ ಗಿಡ ಹೂ ಬಿಡಲಿ ಅಂತ ಸ್ಪ್ರಿಂಕ್ಲರ್ ಹಾಕುತ್ತಾರೆ, ಕೆರೆ ತಳ ಕಾಣುತ್ತದೆ, ಆಗ ಈಜುಕೊಳವೇ ಗತಿ. ಹೆರಿಗೆಯ ರಕ್ತಸ್ರಾವ ನಿಂತು ಗಾಯ ಮಾಯುವ ತನಕ ನೀರಿಗೆ ಇಳಿಯಬೇಡಿ.

ಇನ್ನು ಸಮಯ. ತಾಯಂದಿರಿಗೆ ಸಿಗುವುದು ಬೆಳಗಿನ ಜಾವ, ಮಗು ಏಳುವ ಮುಂಚೆ. ಆದರೆ ಆಲೂರು, ಸಕಲೇಶಪುರ, ಮೂಡಿಗೆರೆ ಕಡೆ ಅದೇ ಹೊತ್ತು ಆನೆ ತೋಟದಿಂದ ಕಾಡಿಗೆ ಹೋಗುವ ಹೊತ್ತು. ಕತ್ತಲಲ್ಲಿ ಹೆಡ್‌ಲೈಟ್ ಹಾಕಿಕೊಂಡು ಒಬ್ಬಳೇ ಸೈಕಲ್ ತುಳಿಯುವುದು ಸಾಹಸ ಅಲ್ಲ, ಬೇಡದ ಅಪಾಯ. ಆನೆ ಎಲ್ಲಿದೆ ಅಂತ ಅರಣ್ಯ ಇಲಾಖೆಯ ಸಂದೇಶ ನೋಡಿ, ಬೆಳಕು ಹರಿದ ಮೇಲೆ ಹೊರಡಿ. ಬೆಳಕು ಹರಿದ ಮೇಲೆ ಅಂದರೆ ಮಗು ಎದ್ದಿರುತ್ತದೆ, ಅಂದರೆ ಮನೆಯಲ್ಲಿ ಇನ್ನೊಬ್ಬರು ಬೇಕು. ಎಲ್ಲ ಸುತ್ತಿ ಬಂದು ಇಲ್ಲಿಗೇ ನಿಲ್ಲುತ್ತದೆ ನೋಡಿ. ನವೆಂಬರಿನಿಂದ ಕಾಫಿ ಕುಯ್ಲು ಶುರುವಾದರೆ ಮನೆಯವರೆಲ್ಲ ಕಣದಲ್ಲಿ. ಆ ತಿಂಗಳುಗಳಲ್ಲಿ ನಾನು ದೊಡ್ಡ ಟ್ರೈನಿಂಗ್ ಇಟ್ಟುಕೊಳ್ಳುವುದೇ ಇಲ್ಲ, ರೇಸನ್ನೂ ಅದಕ್ಕೆ ತಕ್ಕಂತೆ ಆರಿಸುತ್ತೇನೆ.

ಕುಯ್ಲಿನ ಮಾತು ಬಂತು, ಇದನ್ನು ಹೇಳದೆ ಮುಗಿಸಲಾರೆ. ನಾನು ಸೈಕಲ್ ತುಳಿಯುವ ತೋಟದಲ್ಲೇ ಎಳೇ ಮಗುವನ್ನು ಸೀರೆಯ ಜೋಲಿಯಲ್ಲಿ ಗಿಡಕ್ಕೆ ಕಟ್ಟಿ ಹಣ್ಣು ಕುಯ್ಯುವ ತಾಯಂದಿರು ಇದ್ದಾರೆ. ಸಂಜೆ ತುಂಬಿದ ಚೀಲ ಹೊತ್ತು ತೂಕದ ಜಾಗಕ್ಕೆ ಇಳಿಯುತ್ತಾರೆ. ನನ್ನ ಮೈಗೆ ಯಾವ ಮೆಟ್ಟಿಲು ಬೇಕೋ ಅವರ ಮೈಗೂ ಅದೇ ಬೇಕು. ಅವರಿಗೂ ಸೋರುತ್ತದೆ, ಅವರಿಗೂ ಸೊಂಟ ಬೀಳುತ್ತದೆ, ಅವರನ್ನು ಯಾರೂ ವೇದಿಕೆಗೆ ಕರೆಯುವುದಿಲ್ಲ. 50 ಅಥವಾ ಅದಕ್ಕಿಂತ ಜಾಸ್ತಿ ಹೆಂಗಸರು ದುಡಿಯುವ ತೋಟದಲ್ಲಿ ಮಕ್ಕಳ ಕೋಣೆ ಇರಬೇಕು ಅಂತ 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆಯಲ್ಲೇ ಬಂದಿತ್ತು. ಸಣ್ಣ ತೋಟಗಳಿಗೆ ಅಂಥ ಕಟ್ಟುಪಾಡು ಇಲ್ಲ, ನಮ್ಮದೆಲ್ಲ ಸಣ್ಣ ತೋಟಗಳೇ ಜಾಸ್ತಿ. ಇಲ್ಲಿ ಕೂತ ಪ್ಲಾಂಟರ್ ಮನೆಯವರು ಈ ಕುಯ್ಲಿಗೆ ಒಂದು ಕೆಲಸ ಮಾಡಿ. ಹೆತ್ತು ವರ್ಷ ತುಂಬದವರಿಗೆ ಚೀಲ ಹೊರಿಸಬೇಡಿ, ಕೂಲಿ ಕಡಿಮೆ ಮಾಡಬೇಡಿ.

ಕೊನೆಗೆ ಕೇಳಿದ ಪ್ರಶ್ನೆಗಳು.

ಒಬ್ಬ ಹುಡುಗಿ ಕೇಳಿದಳು, ಯಾವ ಸೈಕಲ್ ತಗೊಳ್ಳಲಿ ಅಕ್ಕಾ ಅಂತ. ಮುಂದೆ ಮಾತ್ರ ಸಸ್ಪೆನ್ಷನ್ ಇರುವ ಸಾಧಾರಣ ಮೌಂಟನ್ ಬೈಕ್ ಸಾಕು, ಹಳೆಯದಾದರೂ ಆದೀತು, ಡಿಸ್ಕ್ ಬ್ರೇಕ್ ಇರಲಿ. ದುಡ್ಡು ಉಳಿದರೆ ಸೀಟಿಗೆ ಹಾಕು. ಹೆರಿಗೆಯಲ್ಲಿ ಹೊಲಿಗೆ ಬಿದ್ದವರಿಗೆ ನಡುವೆ ಸಂದು ಇರುವ ಅಗಲದ ಸೀಟು ಬಹಳ ವ್ಯತ್ಯಾಸ ಮಾಡುತ್ತದೆ.

ಹಿಂದಿನಿಂದ ಒಬ್ಬರು, ಹೆಂಡತಿಯ ಜತೆ ಬಂದವರು, ಎದ್ದು ನಿಂತು ಕೇಳಿದರು, "ಮೇಡಂ, ನಾವು ಗಂಡಂದಿರು ಏನ್ ಮಾಡಬೇಕು, ಅದನ್ನೂ ಹೇಳಿ." ಕೇಳಿದ್ದಕ್ಕೆ ಖುಷಿಯಾಯಿತು, ಹೇಳಿದೆ. ಹೆಂಡತಿ ಹೊರಟ ಮೇಲೆ ಫೋನ್ ಮಾಡಿ ಮಗುವಿನ ಬಟ್ಟೆ ಎಲ್ಲಿದೆ ಅಂತ ಕೇಳಬೇಡಿ. ಬಟ್ಟೆ ಎಲ್ಲಿದೆ, ಜ್ವರದ ಔಷಧಿ ಎಷ್ಟು ಹನಿ, ಹಾಲು ಎಷ್ಟು ಬಿಸಿ, ಮಲಗಿಸುವುದು ಹೇಗೆ, ಇಷ್ಟೂ ನಿಮಗೆ ಗೊತ್ತಿರಲಿ. ಭಾನುವಾರ ಬೆಳಗ್ಗೆ ಆರೂವರೆಯಿಂದ ಒಂಬತ್ತರ ತನಕ ಮಗು ನಿಮ್ಮದು. ಅವರು ಓಡಲಿ, ಈಜಲಿ, ಅಥವಾ ಬಾಗಿಲು ಹಾಕಿಕೊಂಡು ನಿದ್ದೆ ಮಾಡಲಿ, ಅದು ಅವರಿಗೆ ಬಿಟ್ಟಿದ್ದು.